ಕಳುವಾದ ಕೋಟೆ ನಕಾಶೆ

"ನಕಾಶೆ ಎಲ್ಲಿ?"

ಪ್ರೊಫೆಸರ್ ಬಾಳಕೃಷ್ಣರಾಯರು ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. ಕೋಟೆಗಳ ಇತಿಹಾಸದ ದಪ್ಪ ಸಂಪುಟ, ಲಂಡನ್ನಿನಿಂದ ತರಿಸಿದ್ದು. ನಡುವೆ ಇರಬೇಕಾಗಿದ್ದ ದೊಡ್ಡ ನಕಾಶೆ ಮಾಯ! ಹೊಲಿಗೆಯ ಬುಡದಲ್ಲಿ, ತೆಳು ಬಟ್ಟೆಯ ಪಟ್ಟಿ ಅಂಟಿಸಿದ ಕಡೆ, ಬೆರಳಗಲದ ತುಂಡು ಮಾತ್ರ ಉಳಿದಿತ್ತು.

ಅದು ೧೯೩೪ರ ಆಗಸ್ಟ್. ಧಾರವಾಡದ ನಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ನಾನು ಗುಮಾಸ್ತ. ಗ್ರಂಥಪಾಲ ಯಜ್ಞೇಶ್ವರರಾಯರು ಜೂನ್‌ನಿಂದ ಪ್ರತಿ ಗುರುವಾರ ಇತಿಹಾಸದ ವಿದ್ಯಾರ್ಥಿಗಳನ್ನು ಕಪಾಟುಗಳ ನಡುವೆ ಕೂಡಿಸಿ ಹೊಸ ಪಾಠ ಹೇಳುತ್ತಿದ್ದರು—ಬೇಕಾದ ಪುಸ್ತಕ ಹುಡುಕುವುದು ಹೇಗೆ, ಒಬ್ಬರು ಹೇಳಿದ್ದನ್ನು ಇನ್ನೊಂದು ಕಡೆ ತಾಳೆ ನೋಡುವುದು ಹೇಗೆ. ತಮ್ಮ ನೋಟ್ಸು ಬಾಯಿಪಾಠ ಮಾಡಿದರೆ ಸಾಕೆನ್ನುವ ಬಾಳಕೃಷ್ಣರಾಯರಿಗೆ ಈ ತರಗತಿ ಕಂಡರೆ ಮೈಯೆಲ್ಲ ಉರಿ.

"ರಜಿಸ್ಟರ್ ನೋಡ್ರಿ. ಕಡೇ ಹೆಸರು ಯಾರದು?" ಬಾಳಕೃಷ್ಣರಾಯರು ನನ್ನತ್ತ ತಿರುಗಿದರು.

"ಚನ್ನಬಸವ್ವ," ಎಂದೆ. ಹೇಳಲು ಮನಸ್ಸಿರಲಿಲ್ಲ, ಹೇಳಬೇಕಾಯಿತು.

ಉಪ್ಪಿನಬೆಟಗೇರಿಯಿಂದ ಕಾಲೇಜಿಗೆ ಬಂದ ಮೊದಲ ಹುಡುಗಿ ಆಕೆ. ತರಗತಿಗೆಂದು ಬಂದವಳು ಅಲ್ಲೇ ಕೂತಿದ್ದಳು. ಗದ್ದಲ ಕೇಳಿ ಬಂದ ಪ್ರಿನ್ಸಿಪಾಲರು ನಿಂತಲ್ಲೇ ತೀರ್ಪು ಕೊಟ್ಟರು: ಸಂಜೆಯೊಳಗೆ ನಕಾಶೆ ಬರದಿದ್ದರೆ ಹುಡುಗಿ ಮನೆಗೆ; ಗುರುವಾರದ ತರಗತಿಯೂ ಬಂದ್.

ಯಜ್ಞೇಶ್ವರರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ಇವತ್ತು ಗುರುವಾರನ ಅದ ಸಾಹೇಬ್ರ. ಕಡೇ ತರಗತಿ ಆದ್ರ ಆಗ್ಲಿ, ನೀವೂ ಕೂಡ್ರಿ. ಚನ್ನಬಸವ್ವ, ನಾ ಕಲಿಸಿದ್ದನ್ನ ಮಾಡಿ ತೋರಸವಾ."

ಆಕೆ ಕಣ್ಣೊರೆಸಿಕೊಂಡು ಎದ್ದಳು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಸರ್, ನೀವು ಈ ನಕಾಶೆ ಕಡೇಕ ಯಾವಾಗ ನೋಡಿದ್ರಿ?" ಎಂದು ಬಾಳಕೃಷ್ಣರಾಯರನ್ನು ಕೇಳಿದಳು.

"ಜುಲೈದಾಗ. ಇದ ಪುಸ್ತಕದಾಗ."

"ಖಾತ್ರಿ ಏನ್ರಿ?"

"ಕೋರ್ಟಿನ್ಯಾಗಿನಂಗ ನನಗ ಜಬಾನಿ ಕೇಳ್ತೀಯೇನು?" ಬಾಳಕೃಷ್ಣರಾಯರು ಗುಡುಗಿದರು. "ಖಾತ್ರಿ!"

"ಹಂಗಾದ್ರ ದಸ್ತಗೀರಸಾಬ್ರನ್ನ ಕರೀರಿ."

ಎಲ್ಲರೂ ಮುಖ ಮುಖ ನೋಡಿಕೊಂಡರು. ಪುಸ್ತಕಗಳಿಗೆ ರಟ್ಟು ಹಾಕುವ ದಸ್ತಗೀರಸಾಬರು ಹೊರಗಿನ ಪಡಸಾಲೆಯಲ್ಲೇ ಕೂತಿದ್ದರು. ಅವರನ್ನು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ನಾಚಿಕೆಯಾಯಿತು.

"ಕಾಕಾ, ಇದಕ್ಕ ರಟ್ಟು ಯಾವಾಗ ಹಾಕಿದ್ರಿ?"

"ಮೇ ಸೂಟ್ಯಾಗವಾ, ಕಾಲೇಜು ಬಂದ್ ಇದ್ದಾಗ."

"ಈ ತುಂಡಿನ ಮ್ಯಾಲ ಪಟ್ಟಿ ಅಂಟಿಸಿದವ್ರು?"

"ನಾನ. ಹಾಳಿ ಕತ್ತರಿಸಿಹೋಗಿತ್ತು. ಬಾಜೂಕಿನ ಹಾಳಿ ಸಡ್ಲ ಆಗ್ತಾವಂತ ಪಟ್ಟಿ ಹಚ್ಚಿದೆ."

"ಯಾರಿಗೂ ಹೇಳ್ಲಿಲ್ಲಲ್ಲ?"

ಮುದುಕರಿಗೆ ಆಶ್ಚರ್ಯ. "ನನ್ನ ಕಡೆ ಬರೂವು ಎಲ್ಲಾ ಹರಕ ಪುಸ್ತಕನ. ಹರದೈತಿ ಅಂತ ಏನ್ ಹೇಳೂದು?"

ಚನ್ನಬಸವ್ವ ಪ್ರಿನ್ಸಿಪಾಲರ ಕಡೆ ತಿರುಗಿದಳು.

"ಸರ್, ಎಲ್ಲಾರೂ ಇಲ್ಲದ ನಕಾಶೆ ನೋಡಿದ್ರಿ, ಇದ್ದ ತುಂಡು ನೋಡ್ಲಿಲ್ಲ. ಕತ್ತರಿಸಿದ ಅಂಚು ಪಟ್ಟಿಯ ಅಡಿಗೈತಿ. ಅಂದ್ರ ಮೇದಾಗ ಪಟ್ಟಿ ಹಚ್ಚೂಕಿಂತ ಮೊದ್ಲ ನಕಾಶೆ ಹೋಗಿತ್ತು. ನಾ ಈ ಕಾಲೇಜಿಗೆ ಬಂದದ್ದು ಜೂನ್‌ದಾಗ. ಇನ್ನ, ಜುಲೈದಾಗ ಇಲ್ಲದ ನಕಾಶೆ ಪ್ರೊಫೆಸರ್ ಸಾಹೇಬ್ರು ಹೆಂಗ ನೋಡಿದ್ರು? ನೀವು ಜೂನ್‌ದಿಂದ ಶುರುವಾದ ಈ ವರ್ಷದ ರಜಿಸ್ಟರ್ ಅಷ್ಟ ತಗದ್ರಿ. ಹ್ವಾದ ವರ್ಷದ್ದು ತರಸ್ರಿ."

ನಾನು ಓಡಿದೆ. ಪುಟ ತಿರುವಿದೆ. ನವೆಂಬರಿನಲ್ಲಿ ಪುಸ್ತಕ ಬಂದಿತ್ತು. ಆ ವಾರವೇ ಒಬ್ಬರು ಮನೆಗೆ ಒಯ್ದಿದ್ದರು. ಮರಳಿ ಕೊಟ್ಟದ್ದು ಮೇ ಮೂರಕ್ಕೆ. ಅಲ್ಲಿಂದ ನೇರ ರಟ್ಟಿಗೆ. ನಡುವೆ ಬೇರೆ ಹೆಸರೇ ಇಲ್ಲ.

"ಯಾರ ಹೆಸರದ?" ಪ್ರಿನ್ಸಿಪಾಲರು ಕೇಳಿದರು.

"ಪ್ರೊಫೆಸರ್ ಬಾಳಕೃಷ್ಣರಾಯರದು!" ಬೇಕಂತಲೇ ಗಟ್ಟಿಯಾಗಿ ಓದಿದೆ.

ಬಾಳಕೃಷ್ಣರಾಯರ ಮುಖ ಬಿಳಿಚಿತು. "ನನ್ನ ಲೇಖನಕ್ಕ ಬೇಕಾಗಿತ್ತು... ಪ್ರೆಸ್ಸಿನವರು ತಿರುಗಿ ಕೊಡ್ಲಿಲ್ಲ..."

"ಅದಕ್ಕ ಈ ಹುಡುಗಿ ತಲಿಗೆ ಕಟ್ಟಿದ್ರಿ. ನನ್ನ ಕೋಣಿಗೆ ಬರ್ರಿ," ಎಂದ ಪ್ರಿನ್ಸಿಪಾಲರು ಚನ್ನಬಸವ್ವನ ಎದುರು ಕೈಮುಗಿದರು. "ತಪ್ಪಾತವಾ." ಆಮೇಲೆ ಯಜ್ಞೇಶ್ವರರಾಯರಿಗೆ: "ಬರೂ ಗುರುವಾರ ಅರ್ಥಶಾಸ್ತ್ರದವ್ರನ್ನೂ ಕೂಡಸ್ರಿ."

ಗ್ರಂಥಾಲಯದಲ್ಲಿ ಸದ್ದು ಮಾಡಬಾರದೆಂಬ ಬೋರ್ಡು ಬರೆದವನೇ ನಾನು. ಅಂದು ಮೊದಲು ಚಪ್ಪಾಳೆ ತಟ್ಟಿದವನೂ ನಾನೇ.