ಮೇಜು ತಟ್ಟಿದ ಕೈ

“ಆ ಮಷೀನು ಮುಟ್ಟಬ್ಯಾಡ್ರಿ, ಅದು ನನಗ ಬೇಕು!”

ಮಧುಮತಿ ಬಾಗಿಲಿನಿಂದಲೇ ಕೂಗಿದಳು. ಕಿಟಕಿ ಪಕ್ಕದ ಟೈಪ್‌ರೈಟರಿನ ಮೇಲೆ ಕೈಯಿಟ್ಟಿದ್ದವನು ತಿರುಗಲೇ ಇಲ್ಲ. ಹತ್ತಿರ ಹೋದವಳು ಗುರುತು ಹಿಡಿದಳು.

ಮುತ್ತಣ್ಣ...! ಅದೇ ಸೊಕ್ಕು!

ಬನಹಟ್ಟಿಯ ಆ ಟೈಪಿಂಗ್ ಕ್ಲಾಸು ಮುಚ್ಚುತ್ತಿತ್ತು. ಬೇಕಾದವರು ಹಳೆಯ ಮಷೀನು ಒಯ್ಯಿರಿ ಎಂದು ಗುರುಗಳು ಹೇಳಿ ಕಳಿಸಿದ್ದರು. ಈಗ ಜಮಖಂಡಿಯಲ್ಲಿ ನೌಕರಿ ಮಾಡುವ ಮಧುಮತಿ ಮೊದಲ ಬಸ್ಸಿಗೇ ಬಂದಿದ್ದಳು.

ವರ್ಷಗಳ ಹಿಂದೆ ಇಬ್ಬರೂ ಇಲ್ಲೇ ಅಕ್ಕಪಕ್ಕ ಕೂತು ಕಲಿತವರು. ಮುತ್ತಣ್ಣ ಮಗ್ಗದ ಪಾಳಿ ಮುಗಿಸಿ ಬಂದು ಇದೇ ಮಷೀನಿಗೆ ಕೂಡುತ್ತಿದ್ದ. ಸಾಲು ಮುಗಿದು ಮಷೀನಿನ ಗಂಟೆ ಹೊಡೆದರೂ ಒತ್ತುತ್ತಲೇ ಇರುತ್ತಿದ್ದ. ಇವಳು ಮೇಜು ತಟ್ಟಿದರೆ ನಕ್ಕು ಹೊಸ ಸಾಲಿಗೆ ಹೋಗುತ್ತಿದ್ದ.

ಒಂದು ದಿನ ಅವನ ಬೆನ್ನ ಹಿಂದೆ ನಿಂತು, ಇದ್ದಬದ್ದ ಧೈರ್ಯವನ್ನೆಲ್ಲ ಕೂಡಿಸಿ ಹೇಳಿದ್ದಳು. “ನಿಮ್ಮನ್ನ ಬಿಟ್ಟು ಯಾರನ್ನೂ ಮದುವಿ ಆಗೂದಿಲ್ರಿ ನಾ.”

ಅವನು ತಿರುಗಲಿಲ್ಲ. ಟಕಟಕ ಒತ್ತುತ್ತಲೇ ಇದ್ದ!

ಮರುದಿನವೇ ಬೇರೆ ಕ್ಲಾಸು ಹಿಡಿದಳು. ಬಂದ ವರಗಳನ್ನೆಲ್ಲ ಬೇಡವೆಂದಳು. ಅದನ್ನು ಸಿಟ್ಟು ಅಂದುಕೊಂಡಿದ್ದಳು, ಹುಚ್ಚಿ!

ಈಗ ಮುತ್ತಣ್ಣ, ಮಷೀನಿನತ್ತ ಕೈ ತೋರಿಸುತ್ತಿದ್ದ ಅವಳನ್ನು ಕಂಡು ಬೆಚ್ಚಿದ. “ನೀವಾ...? ನಿಮಗ ಬೇಕಂದ್ರ ನೀವೇ ಒಯ್ರಿ. ಕಟ್ಟಿಕೊಡ್ತೇನಿ.”

ಬೆನ್ನು ಮಾಡಿ ಮಷೀನಿಗೆ ಬಟ್ಟೆ ಸುತ್ತತೊಡಗಿದ.

“ಅವತ್ತ ಒಲ್ಲೆ ಅಂತಾದ್ರೂ ಅನಬೇಕಿತ್ತಲ್ರಿ!” ಅವಳ ದನಿ ಒಡೆಯಿತು.

ಅವನು ಬಟ್ಟೆಯ ಗಂಟು ಬಿಗಿಯುತ್ತಲೇ ಇದ್ದ. ತಡೆಯಲಾಗದೆ ಮೇಜನ್ನು ತಟ್ಟಿದಳು. ಅವನು ತಟ್ಟನೆ ತಿರುಗಿದ.

ದೇವರೇ...!

“ನಿಮಗ... ಕಿವಿ ಕೇಳೂದಿಲ್ಲೇನ್ರಿ?”

ಅವಳ ತುಟಿಗಳನ್ನೇ ನೋಡುತ್ತಿದ್ದವನು ತಲೆ ತಗ್ಗಿಸಿದ.

“ಸಣ್ಣಂವಿದ್ದಾಗಿಂದ ಮಗ್ಗದ ಸಪ್ಪಳದಾಗ ದುಡದು ಕಿವಿ ಹೋದ್ವು. ಈ ಗಂಟಿ ನನಗ ಒಮ್ಮೆನೂ ಕೇಳಿಲ್ರಿ. ನೀವು ತಟ್ಟಿದ್ದು ಕೈಗೆ ತಿಳೀತಿತ್ತು.”

“ಯಾಕ ಹೇಳಲಿಲ್ಲ?”

“ಕಿವುಡ ಅಂತ ಗೊತ್ತಾದ್ರ ಬಾಜೂಕ ಕೂಡೂದು ಬಿಡ್ತೀರಂತ ಅಂಜಿದ್ದೆ. ಹೇಳದಿದ್ರೂ ಬಿಟ್ರಿ...”

ಮಧುಮತಿ ಬಿಕ್ಕಿ ಅತ್ತಳು. ಆಮೇಲೆ ಅವನ ಎದುರಿಗೆ ನಿಂತು, ಅಂದಿನ ಮಾತನ್ನೇ ನಿಧಾನವಾಗಿ ಹೇಳಿದಳು.

ಅವನ ಕಣ್ಣುಗಳು ತುಂಬಿದವು. “ನಾನೂ ಯಾರನ್ನೂ ಮಾಡ್ಕೊಂಡಿಲ್ರಿ. ಆದ್ರ ಈಗ ಇನ್ನೂ ಕಮ್ಮಿ ಕೇಳತೈತಿ...”

“ಕೇಳದಿದ್ರ ಏನಾತು? ನಾ ಎದುರಿಗೆ ನಿಂತು ಮಾತಾಡ್ತೇನಿ.”

ಅವನು ಕಣ್ಣೊರೆಸಿಕೊಂಡು ಮಷೀನಿನ ಗಂಟನ್ನು ಎತ್ತಿಕೊಂಡ.

“ಇದನ್ನ ಜಮಖಂಡಿ ಬಸ್ಸಿಗೆ ಇಡ್ಲೇನ್ರಿ?”

“ಬ್ಯಾಡ್ರಿ. ನಿಮ್ಮ ಮನ್ಯಾಗ ಇರ್ಲಿ... ನಾ ಅಲ್ಲಿಗೇ ಬರ್ತೇನಿ.”