ವಿಭೂತಿ ಹಚ್ಚಿದ ಫ್ಲಾಪಿ

"ಅಪ್ಪಾ, ಫೋನ್ ಎತ್ತಬ್ಯಾಡ!"

ಮೆಟ್ಟಿಲ ಮೇಲಿಂದ ಕೊಟ್ರೇಶ ಕೂಗುವಷ್ಟರಲ್ಲಿ ಕಾಲ ಮಿಂಚಿತ್ತು. ಮಂಡಿಪೇಟೆಯ ಆ ಕಟ್ಟಡದಲ್ಲಿ ಕೆಳಗೆ ತೋಟಪ್ಪನವರ ಕಾಳಿನ ಅಂಗಡಿ, ಮೇಲೆ ಮಗನ ಸೈಬರ್ ಸೆಂಟರ್. ಎರಡಕ್ಕೂ ಇದ್ದದ್ದು ಒಂದೇ ಫೋನ್ ಲೈನು. ಅಪ್ಪ ಕಡಲೆ ರೇಟು ಕೇಳಲು ಫೋನ್ ಎತ್ತಿದರೆ ಮೇಲೆ ಇಂಟರ್ನೆಟ್ ಕಟ್. ಮುಕ್ಕಾಲು ಭಾಗ ಇಳಿದಿದ್ದ ಫೈಲು ನೀರಿನಲ್ಲಿ ಹೋಮವಾಯಿತು.

ಕಂಪ್ಯೂಟರ್ ಮುಂದೆ ಕೂತಿದ್ದ ರಶ್ಮಿತಾ ನಿಧಾನವಾಗಿ ತಿರುಗಿದಳು. ಸಿಟ್ಟು ಬಂದರೆ ಅವಳ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು. ಅದನ್ನು ನೋಡಲಿಕ್ಕಾದರೂ ಅಪ್ಪ ಇನ್ನೊಮ್ಮೆ ಫೋನ್ ಎತ್ತಲಿ ಅನ್ನಿಸಿ ಕೊಟ್ರೇಶನಿಗೆ ನಾಚಿಕೆಯಾಯಿತು.

"ಕಡಲೆ ರೇಟು ನಾನೇ ಓಡಿಹೋಗಿ ಕೇಳ್ಕೊಂಡ್ ಬರ್ತೀನ್ರಿ. ನಿಮ್ಮಪ್ಪಾರಿಗೆ ಫೋನ್ ಮುಟ್ಟಬ್ಯಾಡಿ ಅಂತ ಹೇಳ್ರಿ."

"ಮುಂದಿನ ಶನಿವಾರ ಬೇರೆ ಸಾಫ್ಟ್‌ವೇರ್ ಹಾಕಿ ನೋಡಾಣ ಮೇಡಂ."

"ಹೋದ್ ವಾರನೂ ಇದನ್ನೇ ಅಂದಿದ್ರಿ!"

ತೊಂಬತ್ತೊಂಬತ್ತರ ಬೇಸಿಗೆ ಅದು. ಹರಿಹರದಲ್ಲಿ ರಶ್ಮಿತಾಳ ತಂದೆ ಮಾಲತೇಶಪ್ಪನವರದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಟಕಟಕ ಸದ್ದಿನಲ್ಲಿ ಮಾತು ಕೇಳದಂತಿದ್ದ ಕೋಣೆಯಲ್ಲಿ ಈಗ ನೊಣ ಹಾರಿದರೂ ಕೇಳುತ್ತಿತ್ತು. ಎಲ್ಲರಿಗೂ ಕಂಪ್ಯೂಟರೇ ಬೇಕು. ಹಟ ಹಿಡಿದು ಒಂದು ಹಳೇ ಕಂಪ್ಯೂಟರ್ ಕೊಡಿಸಿಕೊಂಡಿದ್ದ ರಶ್ಮಿತಾಳಿಗೆ ಈಗ ಅದರಲ್ಲಿ ಕನ್ನಡ ಟೈಪಿಂಗ್ ಕಲಿಸುವ ಪ್ರೋಗ್ರಾಮ್ ಬೇಕಿತ್ತು. ಪ್ರೋಗ್ರಾಮ್ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತಿತ್ತು, ಆದರೆ ಗಾತ್ರದಲ್ಲಿ ಕುಂಭಕರ್ಣ. ಅದನ್ನು ಇಳಿಸಿಕೊಳ್ಳಲೆಂದೇ ಪ್ರತಿ ಶನಿವಾರ ಬಸ್ಸು ಹತ್ತಿ ಕೊಟ್ರೇಶನ ಸೆಂಟರಿಗೆ ಬರುತ್ತಿದ್ದಳು. ಜೂನ್ ಒಳಗೆ ಕ್ಲಾಸ್ ಶುರುವಾಗದಿದ್ದರೆ ಅಪ್ಪಾಜಿ ಮಷೀನುಗಳನ್ನು ಮಾರಿ, ಅವಳನ್ನು ರಾಣೆಬೆನ್ನೂರಿನ ಸಂಬಂಧಕ್ಕೆ ಒಪ್ಪಿಸುವವರಿದ್ದರು. ಇದನ್ನೆಲ್ಲ ಅವಳು ಒಂದು ಶನಿವಾರ ಮಂಡಕ್ಕಿ ತಿನ್ನುತ್ತಾ, ಯಾರದೋ ಮನೆಯ ಸುದ್ದಿ ಎಂಬಂತೆ ಹೇಳಿದ್ದಳು. ಕೊಟ್ರೇಶ ಅವತ್ತು ಕೈಯಲ್ಲಿದ್ದ ಮೆಣಸಿನಕಾಯಿ ಬಜ್ಜಿಯನ್ನು ಪೊಟ್ಟಣಕ್ಕೇ ವಾಪಸ್ ಹಾಕಿದ್ದ.

ಫೈಲು ಇಳಿಸಲು ಕೊಟ್ರೇಶ ಹಾಕಿದ ಮೊದಲ ಸಾಫ್ಟ್‌ವೇರ್ ಲೈನ್ ಕಟ್ಟಾದಾಗಲೆಲ್ಲ ಮತ್ತೆ ಸೊನ್ನೆಯಿಂದ ಶುರು ಮಾಡುತ್ತಿತ್ತು. ಎರಡನೆಯದು ಫೈಲನ್ನು ನಾಲ್ಕು ತುಂಡು ಮಾಡಿ ಒಟ್ಟಿಗೆ ಎಳೆಯಲು ಹೋಗಿ, ಒಂದೇ ಬಾವಿಗೆ ನಾಲ್ಕು ಕೊಡ ಬಿಟ್ಟ ಹಾಗೆ, ಹಗ್ಗ ಸಿಕ್ಕು ಮಾಡಿಕೊಂಡು ಕೂತಿತು. ಮೂರನೆಯದನ್ನು ಗೆಳೆಯ ರಜಾಕ್ ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಲ್ಲಿ ತಂದುಕೊಟ್ಟ. ಕೊಟ್ರೇಶ ಅದನ್ನು ಮೂಲೆಯ ಕಂಪ್ಯೂಟರಿಗೆ ಹಾಕಿ ಪರೀಕ್ಷೆ ಮಾಡಿದ. ಅಪ್ಪ ಬೇಕಾದಷ್ಟು ಸಲ ಫೋನ್ ಎತ್ತಿದರೂ ಅದು ನಿಂತಲ್ಲಿಂದಲೇ ಮುಂದುವರಿಯಿತು.

ಕುಣಿದಾಡಬೇಕಿತ್ತು. ಆದರೆ ಕುರ್ಚಿಯಲ್ಲಿ ಕುಸಿದು ಕೂತ. ಇದನ್ನು ತೋರಿಸಿದರೆ ಒಂದೇ ಮಧ್ಯಾಹ್ನದಲ್ಲಿ ಫೈಲು ಮುಗಿಯುತ್ತದೆ. ಆಮೇಲೆ ಅವಳು ಬಸ್ಸು ಹತ್ತಿ ಇಲ್ಲಿಗೆ ಯಾಕೆ ಬರುತ್ತಾಳೆ?

ಅವನು ಹೇಳಲಿಲ್ಲ.

ಶನಿವಾರಗಳು ಬಂದವು. ಅವಳ ದುಪಟ್ಟಾ ಕುರ್ಚಿಯ ಚಕ್ರಕ್ಕೆ ಸಿಕ್ಕಿಕೊಳ್ಳುವುದು, ಅವನು ಬಗ್ಗಿ ಬಿಡಿಸುವುದು, ಅವಳು "ನಿಮ್ ಕುರ್ಚಿಗೆ ನನ್ ಮ್ಯಾಲೆ ಕಣ್ಣೈತೆ" ಅಂದು ನಗುವುದು. ಕುರ್ಚಿಯ ಮೇಲೆ ಅಪವಾದ ಹೊರಿಸಿ ಅವನು ಬೇರೆ ಗಿರಾಕಿಯ ಕಡೆ ತಿರುಗುತ್ತಿದ್ದ. ಅವಳು ಹೋದ ಮೇಲೆ ಮಾತ್ರ ಅವನ ಕಳ್ಳತನ ಅವನ ಕುತ್ತಿಗೆ ಹಿಡಿಯುತ್ತಿತ್ತು.

ಒಂದು ಶನಿವಾರ ಅವಳು ನಗದೆ ಬಂದಳು.

"ನಾಳೆ ರಾಣೆಬೆನ್ನೂರಿನೋರು ಬರ್ತಾರಂತೆ. ಅಪ್ಪಾಜಿ ಮಷೀನ್ ಮಾರಕ್ಕೂ ಮಾತಾಡ್ಯಾರೆ." ಇಷ್ಟು ಹೇಳಿ ಅವನ ಮುಖವನ್ನೇ ನೋಡುತ್ತಾ ನಿಂತಳು.

ಕೊಟ್ರೇಶನಿಗೆ ಕಪಾಳಕ್ಕೆ ಹೊಡೆದಂತಾಯಿತು. ತನ್ನ ಆಸೆಗೆ ಇವಳ ಬದುಕನ್ನು ಒತ್ತೆ ಇಟ್ಟುಬಿಟ್ಟೆನಲ್ಲ! "ಆ ಮೂಲೆ ಕಂಪ್ಯೂಟರ್‌ಗೆ ಬರ್ರಿ, ಕೂಡ್ರಿ" ಅಂದ.

ಕೆಳಗೆ ಅಪ್ಪ ಕಡಲೆ, ತೊಗರಿ, ಜೋಳ ಎಲ್ಲದರ ರೇಟು ಕೇಳಿದರು. ಪರದೆಯ ಮೇಲಿನ ನೀಲಿ ಪಟ್ಟಿ ನಿಂತಿತು, ಮತ್ತೆ ನಡೆಯಿತು. ಸಂಜೆಯ ಹೊತ್ತಿಗೆ ಫೈಲು ಪೂರ್ತಿ ಇಳಿದಿತ್ತು. ಕೊಟ್ರೇಶ ಅದನ್ನು ತುಂಡು ತುಂಡು ಮಾಡಿ ಫ್ಲಾಪಿಗಳಿಗೆ ತುಂಬಿ, ರಟ್ಟಿನ ಡಬ್ಬಿಯಲ್ಲಿ ಜೋಡಿಸಿ ಕೊಟ್ಟ.

"ಇನ್ ಮ್ಯಾಲೆ ನಿಮ್ಗೆ ನನ್ ಕಾಟ ಇಲ್ಲ ಬಿಡ್ರಿ." ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ಫ್ಲಾಪಿ ಬಿಸಿಲಿಗೆ ಇಡಬ್ಯಾಡ್ರಿ" ಅಂದ ಅವನು, ಅಷ್ಟೇ. ಅವಳು ಇಳಿದು ಹೋದಳು.

ಮುಂದಿನ ಶನಿವಾರ ಸೆಂಟರ್ ತುಂಬ ಗಿರಾಕಿಗಳು, ಆದರೂ ಅವನಿಗೆ ಎಲ್ಲ ಖಾಲಿ. ಹರಿಹರದ ಬಸ್ಸು ಬರುವ ಹೊತ್ತಿಗೆ ಕಿಟಕಿಗೆ ಹೋಗಿ ನಿಂತ. ಯಾರ ದುಪಟ್ಟಾವೂ ಸಿಕ್ಕಿಕೊಳ್ಳದ ಕುರ್ಚಿಯ ಚಕ್ರವನ್ನು ಸುಮ್ಮಸುಮ್ಮನೆ ಒರೆಸಿದ. ಅಪ್ಪ ಕೆಳಗಿನಿಂದ "ಫೋನ್ ಎತ್ತಲೇನೋ?" ಅಂತ ಕೇಳಿದರೆ "ಎತ್ತಪ್ಪ, ಯಾರಿಗೆ ನಷ್ಟ!" ಅಂದ.

ಸೋಮವಾರ ಮೆಟ್ಟಿಲ ಮೇಲೆ ಗೊತ್ತಿದ್ದ ಹೆಜ್ಜೆ. ರಶ್ಮಿತಾ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದಳು.

"ಕಂಪ್ಯೂಟರ್ ಒಂದು ಫ್ಲಾಪಿನೂ ಓದ್ತಿಲ್ರಿ."

ಅವನು ಒಂದು ಫ್ಲಾಪಿಯ ತಗಡಿನ ಮುಚ್ಚಳ ಸರಿಸಿದ. ಒಳಗೆಲ್ಲ ಬೆಳ್ಳಗಿನ ಪುಡಿ. "ಇದೇನ್ರಿ?"

"ವಿಭೂತಿ." ಅವಳು ತುಟಿ ಕಚ್ಚಿದಳು. "ಹೊಸ ಸಾಮಾನು ಮನೆಗೆ ಬಂದ್ರೆ ವಿಭೂತಿ ಹಚ್ದೆ ಅಪ್ಪಾಜಿ ಮುಟ್ಟಕ್ಕೆ ಬಿಡಲ್ಲ. ಮುಚ್ಚಳ ಸರಿಸಿ ಒಳಗೂ ಹಚ್ಯಾರೆ, ಚಲೋ ನಡೀಲಿ ಅಂತ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಾಗ ಕೊಟ್ರೇಶ ತಲೆ ತಗ್ಗಿಸಿದ.

"ರಾಣೆಬೆನ್ನೂರಿನೋರು?"

"ಉಪ್ಪಿಟ್ಟು ತಿಂದು ಹೋದ್ರು. ಕ್ಲಾಸ್ ಶುರು ಆಗ್ತೈತೆ, ಈಗ ಮದುವೆ ಬ್ಯಾಡ ಅಂದೆ. ಡಬ್ಬಿ ನೋಡಿ ಅಪ್ಪಾಜಿ ಒಪ್ಪಿದ್ರು. ಈಗ ಇದು ಓದ್ಲಿಲ್ಲ ಅಂದ್ರೆ ಅವರನ್ನೇ ವಾಪಸ್ ಕರೆಸ್ತಾರೆ."

"ಫೈಲು ನನ್ನತ್ರ ಐತೆ, ಹೆದರಬ್ಯಾಡ್ರಿ. ಆದ್ರೆ ಒಂದು ಮಾತು. ಆ ಸಾಫ್ಟ್‌ವೇರ್ ಮುಂಚೇನೇ ಇತ್ತು. ನೀವು ಬರೋದು ನಿಲ್ಲುತ್ತೆ ಅಂತ ನಾನೇ ಬಚ್ಚಿಟ್ಟಿದ್ದೆ."

"ಗೊತ್ತು. ಮೂಲೆ ಕಂಪ್ಯೂಟರ್‌ನಾಗೆ ನೋಡಿದ್ದೆ."

"ಮತ್ತೆ ಯಾಕ ಕೇಳ್ಲಿಲ್ಲ?"

"ಕೇಳಿದ್ರೆ ಫೈಲ್ ಬಂದ್ಬಿಡ್ತಿತ್ತಲ್ಲ." ಅವಳ ಕೆನ್ನೆ ಕೆಂಪಾಯಿತು, ಹುಬ್ಬು ಮಾತ್ರ ಮೇಲೇರಿತು. "ರಾಣೆಬೆನ್ನೂರಿನ ಸುದ್ದಿ ಹೇಳಿದ್ ಮ್ಯಾಲಾದ್ರೂ ಬುದ್ಧಿ ಬರುತ್ತೇನೋ ಅಂತ ನೋಡಿದೆ. ಅರ್ಧ ಬಂತು. ಫೈಲ್ ಕೊಟ್ಟು ಸುಮ್ನಾದ್ರಿ."

ಕೊಟ್ರೇಶ ಹೊಸ ಫ್ಲಾಪಿಗಳ ಪೊಟ್ಟಣ ಒಡೆದ. "ಈ ಸಲ ನಾನೇ ತಗೊಂಡ್ ಬರ್ತೀನಿ. ಮಿಕ್ಕರ್ಧನೂ ನಿಮ್ಮಪ್ಪಾಜಿ ಮುಂದೆ ಹೇಳ್ತೀನಿ."

ಮಾರನೆಯ ದಿನ ಹರಿಹರದ ಆ ಕೋಣೆಯಲ್ಲಿ ಮಾಲತೇಶಪ್ಪನವರು ವಿಭೂತಿ ಗಟ್ಟಿ ತೇಯ್ದು ಸಿದ್ಧರಾಗಿ ಕೂತಿದ್ದರು. ಕೊಟ್ರೇಶ ಡಬ್ಬಿಯನ್ನು ಎದೆಗವಚಿಕೊಂಡು "ಇವಕ್ಕೆ ಬ್ಯಾಡ್ರಿ ಯಜಮಾನ್ರೆ" ಅಂದ. ಫ್ಲಾಪಿಗಳು ಒಂದೊಂದಾಗಿ ಒಳಗೆ ಹೋದವು. ಪರದೆಯ ಮೇಲೆ ದೊಡ್ಡದಾಗಿ ‘ಅ’ ಮೂಡಿದಾಗ ಮುದುಕರು ಕನ್ನಡಕ ತೆಗೆದು ಒರೆಸಿಕೊಂಡರು.

ಕೊಟ್ರೇಶ ಎದ್ದು ನಿಂತ. "ನಾನು ಫೈಲ್ ಕೊಡಾಕಷ್ಟೇ ಬಂದಿಲ್ರಿ. ನಿಮ್ಮ ಮಗಳನ್ನ ಕೇಳಾಕ ಬಂದೀನಿ. ನೀವು ಹೂಂ ಅಂದ್ರೆ ನಮ್ಮಪ್ಪನ್ನ ಕರ್ಕೊಂಡ್ ಬರ್ತೀನಿ. ಕ್ಲಾಸ್ ನಿಲ್ಲಲ್ಲ, ಆಕೆನೇ ನಡೆಸ್ತಾಳೆ."

ಮಾಲತೇಶಪ್ಪ ಮಗಳ ಕಡೆ ನೋಡಿದರು. ಬಾಗಿಲಿಗೆ ಒರಗಿ ನಿಂತಿದ್ದ ರಶ್ಮಿತಾ ತಲೆ ತಗ್ಗಿಸಲಿಲ್ಲ. ಕೊಟ್ರೇಶನ ಎದೆ ಟೈಪ್ ಮಷೀನಿಗಿಂತ ಜೋರಾಗಿ ಬಡಿಯುತ್ತಿತ್ತು.

ಮುದುಕರು ಮೂರು ಬೆರಳು ವಿಭೂತಿಯಲ್ಲಿ ಅದ್ದಿ ಅವನ ಹತ್ತಿರ ಬಂದರು.

"ಬಗ್ಗಪ್ಪ ಸ್ವಲ್ಪ. ಹೊಸದಾಗಿ ಮನೆಗೆ ಬಂದಿದ್ದಕ್ಕೆ ಹಚ್ಚಲೇಬೇಕಲ್ಲ" ಅಂದು, ಅವನ ಹಣೆಯ ತುಂಬ ಮೂರು ಗೆರೆ ಎಳೆದರು.