ಅಮ್ಮನಿಲ್ಲದ ಕೋಣೆಯಲ್ಲಿ ಮಗುವಿನ ನೋಟ

“ಅಮ್ಮ ರೂಮಲ್ಲೇ ಇಲ್ಲ. ಮಗು ಅವಳ ಮುಖ ನೋಡ್ತಿದೆ ಅಂತ ನಾನ್ಯಾಕೆ ಹಾಕ್ಲಿ, ಸರ್? ನನಗೇನು ತಲೆ ಕೆಟ್ಟಿದೆಯಾ?”

ಹುಡುಗಿ ಅಳಲಿಲ್ಲ, ಆದರೆ ಕುರ್ಚಿಯ ತುದಿಯಲ್ಲೇ ಕೂತಿದ್ದಳು. ನನ್ನ ಭಾವ, ಅಂದರೆ ಅಕ್ಕನ ಗಂಡ, ಊರಿಗೆಲ್ಲ ಪತ್ತೇದಾರ. ಮನೆಯಲ್ಲಿ ತನ್ನ ಕನ್ನಡಕವನ್ನೂ ಹುಡುಕಿಕೊಳ್ಳಲಾರದ ಮನುಷ್ಯ. ಕಣ್ಣು ಮುಚ್ಚಿಕೊಂಡೇ, “ಮೊದಲಿಂದ ಹೇಳಮ್ಮ,” ಎಂದರು.

ಶಿಶುಗಳ ಅಧ್ಯಯನ ಕೇಂದ್ರದಲ್ಲಿ ಅವಳು ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ವಿಡಿಯೋದಲ್ಲಿ ಮಗು ಅಮ್ಮನ ಮುಖ ನೋಡಲು ಶುರುಮಾಡಿದಾಗ ಸಾಫ್ಟ್‌ವೇರ್‌ನಲ್ಲಿ ಒಂದು ಕೀ ಒತ್ತಬೇಕು, ನೋಟ ತಪ್ಪಿದಾಗ ಅದನ್ನೇ ಮತ್ತೊಮ್ಮೆ ಒತ್ತಬೇಕು. ನೋಡಿದಷ್ಟು ಹೊತ್ತೂ ತೆರೆಯ ಕೆಳಗೆ ನೀಲಿ ಪಟ್ಟಿ ಓಡುತ್ತದೆ. ಅದೇ ವಿಡಿಯೋವನ್ನು ಹಿರಿಯ ಸಹಾಯಕಿಯೂ ಗುರುತಿಸಿರುತ್ತಾಳೆ, ಎರಡೂ ತಾಳೆಯಾಗಬೇಕು. ಇವಳ ಮೊದಲ ವಿಡಿಯೋ ತಾಳೆಯಾಗಲೇ ಇಲ್ಲ. ನಡುವೆ ಅಮ್ಮ ಎದ್ದು ಹೊರಗೆ ಹೋದಾಗಲೂ ನೀಲಿ ಪಟ್ಟಿ ಓಡುತ್ತಲೇ ಇತ್ತು. ವಿಡಿಯೋ ನೋಡದೆ ಸುಮ್ಮನೆ ಕೀ ಕುಟ್ಟಿದ್ದಾಳೆಂದು ನಿರ್ದೇಶಕರು ಸಂಜೆಯೊಳಗೆ ಕೆಲಸ ಬಿಡಲು ಹೇಳಿದ್ದರು.

“ಸುಳ್ಳಿ ಅನ್ನಿಸ್ಕೊಂಡು ಹೋದ್ರೆ ಇನ್ನೆಲ್ಲೂ ನನ್ನ ಸೇರಿಸ್ಕೊಳ್ಳಲ್ಲ, ಸರ್.”

“ಕೆಲಸ ಹೇಳಿಕೊಟ್ಟಿದ್ದು ಯಾರು?”

“ನಿರ್ದೇಶಕರೇ. ವಿಡಿಯೋ ತೆರೆದು, ಹೀಗೆ ಒತ್ತಬೇಕು ಅಂತ ತೋರಿಸ್ತಿದ್ರು. ಅಷ್ಟರಲ್ಲಿ ಫೋನ್ ಬಂತು, ಎದ್ದು ಹೋದ್ರು. ಮಿಕ್ಕಿದ್ದನ್ನ ಬಾಗಿಲಿಂದಲೇ ಹೇಳಿದ್ರು.”

ನನಗೆ ಹಿರಿಯ ಸಹಾಯಕಿಯ ಮೇಲೇ ಗುಮಾನಿ. ಹೊಸಬರನ್ನು ಕಂಡರೆ ಆಗದವರು ಎಲ್ಲ ಕಚೇರಿಯಲ್ಲೂ ಇರುತ್ತಾರೆ ಎಂದು ಕೇಂದ್ರಕ್ಕೆ ಹೋಗುವ ದಾರಿಯುದ್ದಕ್ಕೂ ಭಾವನ ತಲೆ ತಿಂದೆ. 

ಕೇಂದ್ರದಲ್ಲಿ ಎರಡೂ ಪಟ್ಟಿಗಳನ್ನು ಒಂದರ ಕೆಳಗೊಂದು ಹಾಕಿಸಿದರು. ಹಿರಿಯ ಸಹಾಯಕಿಯದು ನೀಲಿಯಿದ್ದಲ್ಲೆಲ್ಲ ಹುಡುಗಿಯದು ಖಾಲಿ; ಸಹಾಯಕಿಯದು ಖಾಲಿಯಿದ್ದಲ್ಲೆಲ್ಲ ಹುಡುಗಿಯದು ನೀಲಿ. ಹುಡುಗಿಯ ಕಡತದ ಮೊಟ್ಟಮೊದಲ ಗುರುತು ಎಲ್ಲಿದೆಯೆಂದು ಭಾವ ಕೇಳಿದರು. ಸೊನ್ನೆಯಲ್ಲೇ ಇತ್ತು. ತೆರೆಯ ಮೇಲೆ ಆಗಿನ್ನೂ ಖಾಲಿ ಕುರ್ಚಿ. ಅಮ್ಮ, ಮಗು ಒಳಗೇ ಬಂದಿರಲಿಲ್ಲ.

ಭಾವ ಹುಡುಗಿ, ಹಿರಿಯ ಸಹಾಯಕಿ, ನಿರ್ದೇಶಕರು ಮೂವರನ್ನೂ ಮೇಜಿನ ಸುತ್ತ ಕೂರಿಸಿದರು.

“ಕಣ್ಣು ಮುಚ್ಚಿಕೊಂಡು ಕೀ ಕುಟ್ಟಿದ್ರೂ ಅಲ್ಲೊಂದು ಇಲ್ಲೊಂದು ಸರಿ ಹೊಂದೇ ಹೊಂದುತ್ತೆ. ಈ ಹುಡುಗೀದು ಎಲ್ಲೂ ಹೊಂದಿಲ್ಲ. ಇಷ್ಟು ಅಚ್ಚುಕಟ್ಟಾಗಿ ತಪ್ಪಬೇಕಾದ್ರೆ ಪ್ರತಿ ನೋಟವನ್ನೂ ಸರಿಯಾಗಿ ನೋಡಿರ್ಲೇಬೇಕು.”

“ಹಾಗಾದ್ರೆ ನಾನು ತಿದ್ದಿದೀನಿ ಅಂತಾನಾ?” ಹಿರಿಯ ಸಹಾಯಕಿ ಮುಖ ಊದಿಸಿಕೊಂಡು ನನ್ನನ್ನೇ ನೋಡಿದಳು.

“ನೀವಲ್ಲಮ್ಮ. ಕೆಡಿಸಬೇಕು ಅನ್ನೋರು ಹತ್ತು ಕಡೆ ಕೈ ಹಾಕ್ತಾರೆ. ಇಲ್ಲಿ ಹೆಚ್ಚಾಗಿರೋದು ಒಂದೇ ಗುರುತು, ಅದೂ ವಿಡಿಯೋ ಓಡೋಕೆ ಮುಂಚೆ. ಅಲ್ಲಿಂದಾಚೆ ಇವಳು ಶುರು ಅಂತ ಒತ್ತಿದ್ದನ್ನ ಸಾಫ್ಟ್‌ವೇರ್ ಮುಗೀತು ಅಂದ್ಕೊಂಡಿದೆ, ಮುಗೀತು ಅಂತ ಒತ್ತಿದ್ದನ್ನ ಶುರು ಅಂದ್ಕೊಂಡಿದೆ. ಇವಳ ಕಣ್ಣು ಮಗುವಿನ ಮೇಲಿತ್ತು, ಕೆಳಗಿನ ಪಟ್ಟಿ ಮೇಲಲ್ಲ. ನಿಂತಿರೋ ವಿಡಿಯೋದಲ್ಲಿ ಕೀ ಒತ್ತೋರು ಯಾರು? ಹೇಳಿಕೊಡೋರು. ಶುರು ಮಾಡೋದನ್ನ ತೋರಿಸಿದ್ರಿ, ಸರ್. ನಿಲ್ಲಿಸೋದನ್ನ ತೋರಿಸೋ ಮೊದಲೇ ಫೋನ್ ಬಂತು.”

ಹಿರಿಯ ಸಹಾಯಕಿ ತಾನೇ ಮುಂದೆ ಬಾಗಿ ಸೊನ್ನೆಯ ಗುರುತನ್ನು ಅಳಿಸಿದಳು. ಅಲ್ಲಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಿಟ್ಟರೆ ಎರಡೂ ಪಟ್ಟಿಗಳು ಒಂದೇ ಆದವು.

ನಿರ್ದೇಶಕರು ಗಂಟಲು ಸರಿಮಾಡಿಕೊಂಡರು. “ಸರಿ ಬಿಡಿ. ಹಾಗಾದ್ರೆ ಯಾರ ತಪ್ಪೂ ಅಲ್ಲ.”

“ತಪ್ಪು ನಂದು ಅನ್ನೋವಾಗ ಸುಳ್ಳಿ ಅಂದ್ರಿ,” ಹುಡುಗಿ ಮೆಲ್ಲಗೆ ಹೇಳಿದಳು. “ನಿಮ್ಮದು ಅಂತ ಗೊತ್ತಾದ್ಮೇಲೆ ಯಾರದೂ ಅಲ್ವಾ, ಸರ್?”

ನನಗೆ ಎದ್ದು ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಭಾವ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಿರ್ದೇಶಕರು ಎದ್ದು ನಿಂತರು. 

“ತಪ್ಪು ನಂದೇ ಅಮ್ಮ. ವಿಚಾರಿಸದೆ ಸುಳ್ಳಿ ಅಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ನಾಳೆ ಬರ್ತೀಯಾ?”

“ಬರ್ತೀನಿ, ಸರ್. ಹೇಳಿಕೊಡೋದೇನಿದ್ರೂ ಬಾಯಲ್ಲಿ ಹೇಳಿ. ಕೀ ನಾನೇ ಒತ್ಕೋತೀನಿ.”